ಬೆಲ್ಟ್ ಕಟ್ಟಿದವಳೇ ಬಿಚ್ಚಿದಳು

ನಾನು ಹೆಂಡತಿಗೆ ಸೆಲ್ಯೂಟ್ ಹೊಡೆಯುತ್ತೇನೆ ಎಂದು ಗುಬ್ಬಿಯಲ್ಲಿ ನಗುವವರಿದ್ದಾರೆ. ನಗಲಿ, ಹೊಡೆಯುವುದು ನಿಜ. ಮೊದಮೊದಲು ಅವಳನ್ನು ರೇಗಿಸಲು ಹೊಡೆಯುತ್ತಿದ್ದೆ. ಈಗ ರೇಗಿಸಲು ಅಲ್ಲ. ಅದು ಹೇಗಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ರಂಗರಾಜು. ಒಂದು ಟೆಂಪೊ ಇಟ್ಟುಕೊಂಡಿದ್ದೇನೆ. ಕೊಬ್ಬರಿ ಮೂಟೆ, ತೆಂಗಿನಕಾಯಿ, ಮದುವೆ ಮನೆಯ ಪಾತ್ರೆ, ಕರೆದವರ ಲೋಡು. ನನ್ನ ಹೆಂಡತಿ ಶಶಿಕಲಾ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಬಾಗಿಲಿನಿಂದ ಬೀದಿಯವರೆಗೆ ರಾಗಿ ಡಬ್ಬಗಳ ಸಾಲು ನಿಂತಿರುತ್ತದೆ. ಮೊದಲು ಇಟ್ಟವರದು ಮೊದಲು ಬೀಸಬೇಕು, ಅಷ್ಟೇ ಅಲ್ಲಿನ ಕಾನೂನು. ಪಟ್ಟಣ ಪಂಚಾಯಿತಿ ಸದಸ್ಯರ ಮನೆಯ ಡಬ್ಬವಾಗಲಿ, ನನ್ನ ತಾಯಿಯ ಡಬ್ಬವಾಗಲಿ, ಸಾಲು ತಪ್ಪುವುದಿಲ್ಲ. ಒಮ್ಮೆ ನನ್ನ ತಾಯಿ ತಮ್ಮ ಡಬ್ಬವನ್ನು ಕಾಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದ್ದರು. ಶಶಿಕಲಾ ಅದನ್ನೆತ್ತಿ ಮೊದಲಿದ್ದ ಜಾಗಕ್ಕೇ ಇಟ್ಟಳು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಅತ್ತೆ ಸೊಸೆ ನನ್ನ ಮೂಲಕವೇ ಮಾತಾಡಿದರು.

ಇಂಥವಳು ಹೋಂ ಗಾರ್ಡ್ ಸೇರುತ್ತೇನೆ ಎಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಹೋಂ ಗಾರ್ಡ್ ಎಂದರೆ ಪೊಲೀಸರೂ ಅಲ್ಲ, ಸೈನಿಕರೂ ಅಲ್ಲ. ತಮ್ಮ ತಮ್ಮ ಕಸುಬು ಮಾಡಿಕೊಂಡಿದ್ದು, ಕರೆ ಬಂದಾಗ ಖಾಕಿ ತೊಟ್ಟು ಹೊರಡುವ ಮೀಸಲು ಪಡೆ. ಚುನಾವಣೆ, ಪರೀಕ್ಷೆ, ಗಣಪತಿ ಮೆರವಣಿಗೆ, ಮಳೆ ಬಂದು ಕೆರೆ ತುಂಬಿದರೆ ಅದರ ಕಾವಲು, ಎಲ್ಲಕ್ಕೂ ಇವರೇ. ನನ್ನ ತಾಯಿ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತರು. "ಪ್ಯಾಂಟು ಹಾಕ್ಕಂಡು ಬೀದೀಲಿ ನಿಂತ್ಕತಾಳಂತೆ ಕಣೋ ನಿನ್ನೆಂಡ್ತಿ!" ಎಂದು ಗೋಳಾಡಿದ ಅದೇ ತಾಯಿ, ತಿಂಗಳು ಕಳೆಯುವಷ್ಟರಲ್ಲಿ ಸಂತೆಯಲ್ಲಿ ಹುರುಳಿಕಾಯಿ ಚೌಕಾಸಿ ಮಾಡುತ್ತಾ, "ಸರ್ಯಾಗಿ ತೂಗು, ನನ್ ಸೊಸೆ ಡಿಪಾರ್ಟ್‌ಮೆಂಟ್ನೋಳು" ಎಂದದ್ದನ್ನು ನಾನೇ ಕೇಳಿದ್ದೇನೆ.

ಬೆಳಿಗ್ಗೆ ಹಿಟ್ಟು, ಮಧ್ಯಾಹ್ನ ಖಾಕಿ. ಎಷ್ಟು ಕೊಡವಿದರೂ ಅವಳ ಕಿವಿಯ ಹಿಂದೆ ಒಂದಿಷ್ಟು ರಾಗಿ ಹಿಟ್ಟು ಉಳಿದೇ ಇರುತ್ತಿತ್ತು. ಕೆಲವೇ ವರ್ಷಗಳಲ್ಲಿ ಸೆಕ್ಷನ್ ಲೀಡರ್ ಆದಳು. ತೋಳಿನ ಮೇಲೆ ಪಟ್ಟಿ ಬಂತು. ಕೈಕೆಳಗೆ ಕೆಲವರು ಗಾರ್ಡುಗಳೂ ಬಂದರು.

ಅವರಲ್ಲಿ ಒಬ್ಬ ಅಶ್ವಥ್. ಶಶಿಕಲಾಳ ಚಿಕ್ಕಮ್ಮ ಹೊಂಬಾಳಮ್ಮನ ಮಗ. ಕುಣಿಗಲ್‌ನವನು. ಗುಬ್ಬಿಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಸಿಕ್ಕಿದ ಮೇಲೆ ನಮ್ಮ ಮನೆಯ ಹಿಂದಿನ ರೂಮಿನಲ್ಲಿದ್ದ. ಅಕ್ಕನ ಖಾಕಿ ನೋಡಿ ನೋಡಿ ಅವನಿಗೂ ಆಸೆ ಹುಟ್ಟಿತು. ಇವಳೇ ಕರೆದುಕೊಂಡು ಹೋಗಿ ಸೇರಿಸಿದಳು. ಇವಳ ಘಟಕದಲ್ಲಿ ಒಂದು ಪದ್ಧತಿಯಿದೆ. ಯಾವ ರೂಲ್ಸ್ ಪುಸ್ತಕದಲ್ಲೂ ಅದಿಲ್ಲ. ಹೊಸಬನನ್ನು ಯಾರು ಕರೆತಂದರೋ ಅವರೇ ಮೊದಲ ಪರೇಡಿನ ದಿನ ಎಲ್ಲರ ಮುಂದೆ ಅವನ ಸೊಂಟಕ್ಕೆ ಬೆಲ್ಟ್ ಕಟ್ಟಬೇಕು. ಇವನ ನಡತೆಗೆ ನಾನು ಹೊಣೆ ಎಂದು ಅದರ ಅರ್ಥ. ಅಶ್ವಥ್‌ಗೆ ಶಶಿಕಲಾ ಕಟ್ಟಿದಳು. ಅಂದು ಹೊಂಬಾಳಮ್ಮ ಕುಣಿಗಲ್‌ನಿಂದ ಹೋಳಿಗೆ ಮಾಡಿಕೊಂಡು ಬಂದು ಪರೇಡಿನಲ್ಲಿದ್ದವರಿಗೆಲ್ಲ ಹಂಚಿದರು.

ಆಮೇಲೆ ಬಂತು ಆ ಮಳೆ. ಬಿಟ್ಟೂಬಿಡದೆ ಹೊಯ್ದು ಗುಬ್ಬಿ ತಾಲ್ಲೂಕಿನ ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದವು. ಹಾಗಲವಾಡಿಗೆ ಹೋಗುವ ಒಂದು ಒಳದಾರಿಯಲ್ಲಿ ತಗ್ಗು ಸೇತುವೆಯಿದೆ. ಕೋಡಿ ನೀರು ಅದರ ಮೇಲೇ ಹರಿಯತೊಡಗಿತು. ಎರಡೂ ದಡದಲ್ಲಿ ಹಗ್ಗ ಕಟ್ಟಿ ಯಾರನ್ನೂ ಬಿಡದಂತೆ ಕಾಯುವ ಕೆಲಸ ಶಶಿಕಲಾಳ ಸೆಕ್ಷನ್ನಿಗೆ ಬಂತು. ಆಚೆ ದಡದಲ್ಲಿ ಇವಳು. ಗುಬ್ಬಿ ಕಡೆಯ ದಡದಲ್ಲಿ ಅಶ್ವಥ್ ಮತ್ತು ರಾಮಾಂಜಿನಯ್ಯ.

ರಾಮಾಂಜಿನಯ್ಯ ಘಟಕದಲ್ಲೇ ಹಿರಿಯರು. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು, ವಯಸ್ಸಿನ ಅರ್ಧಭಾಗ ಖಾಕಿಯಲ್ಲೇ ಕಳೆದವರು. ಮರುವರ್ಷ ನಿವೃತ್ತಿ. ನಿವೃತ್ತಿಯಾಗುವವರಿಗೆ ಹಾರ ಹಾಕಿ, ಸಾಲಾಗಿ ನಿಂತು ಸೆಲ್ಯೂಟ್ ಕೊಟ್ಟು ಕಳಿಸುತ್ತಾರೆ. ಆ ದಿನಕ್ಕೆಂದು ಅವರು ಒಂದು ಜೊತೆ ಬೂಟನ್ನು ಈಗಲೇ ಪಾಲಿಶ್ ಮಾಡಿ ಎತ್ತಿಟ್ಟಿದ್ದರು.

ಸೇತುವೆಯ ಗುಬ್ಬಿ ಕಡೆಯ ಹಗ್ಗ ಕಟ್ಟಿದ್ದು ಅವರೇ. ಮಧ್ಯಾಹ್ನ ಶಶಿಕಲಾ ಫೋನಿನಲ್ಲಿ, "ಅಣ್ಣ, ನೀವು ಊಟ ಮಾಡ್ಕಂಡ್ ಬನ್ನಿ, ಅಶ್ವಥ್ ನೋಡ್ಕತಾನೆ" ಎಂದಳು. ಅವರು ಊಟಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಶಶಿಕಲಾ ತಲೆಯೆತ್ತಿ ನೋಡಿದರೆ, ಹಗ್ಗದಾಚೆ ನಿಂತಿರಬೇಕಾದ ಒಂದು ವ್ಯಾನು ಸೇತುವೆಯ ನಡುವೆ ಇದೆ! ವಿಶಲ್ ಊದಿದಳು. ನೀರಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ವ್ಯಾನು ಪಕ್ಕಕ್ಕೆ ಜಾರಿ, ಅಂಚಿನ ಕಲ್ಲುಗಳಿಗೆ ಸಿಕ್ಕಿಕೊಂಡು ವಾಲಿತು.

ಅಶ್ವಥ್ ಒಂದು ಕ್ಷಣವೂ ಯೋಚಿಸಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿದ. ವ್ಯಾನಿನಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಡಕ್ಕೆ ತಂದ. ಕೊನೆಯಲ್ಲಿ ಬೆನ್ನ ಮೇಲೆ ಹೊತ್ತು ತಂದದ್ದು ಹೊಂಬಾಳಮ್ಮನನ್ನು, ಅಂದರೆ ಹೆತ್ತ ತಾಯಿಯನ್ನೇ. ಅಂದು ಅವನ ತಂಗಿ ಪೂಜಾಳ ನಿಶ್ಚಿತಾರ್ಥ ಹಾಗಲವಾಡಿಯಲ್ಲಿ ಗಂಡಿನ ಮನೆಯಲ್ಲೇ ಇತ್ತು. ಇವನಿಗೆ ಡ್ಯೂಟಿ ಬಿದ್ದದ್ದರಿಂದ ಹೋಗಿರಲಿಲ್ಲ. ಕುಣಿಗಲ್‌ನಿಂದ ಹೊರಟ ಹೆಣ್ಣಿನ ಕಡೆಯವರೇ ಆ ವ್ಯಾನಿನಲ್ಲಿದ್ದರು. ತಟ್ಟೆ, ತೆಂಗಿನಕಾಯಿ, ಸೀರೆ ಎಲ್ಲ ನೀರುಪಾಲಾಯಿತು. ದೇವರ ದಯೆಯಿಂದ ಜನ ಉಳಿದರು.

ಯಾರೋ ದಡದಲ್ಲಿ ನಿಂತು ವೀಡಿಯೊ ಮಾಡಿದ್ದರು. ಸಂಜೆಯ ಹೊತ್ತಿಗೆ ಇಡೀ ತಾಲ್ಲೂಕಿನ ಮೊಬೈಲುಗಳಲ್ಲಿ ತಾಯಿಯನ್ನು ಹೊತ್ತು ತಂದ ಮಗ ಓಡಾಡುತ್ತಿದ್ದ. ನಾನೂ ಎಲ್ಲರಿಗೂ ಕಳಿಸಿದೆ, "ನಮ್ಮ ಬಾಮೈದ" ಎಂದು ಬರೆದು.

ವ್ಯಾನು ಹಗ್ಗ ದಾಟಿದ್ದು ಹೇಗೆ ಎಂದು ಪೊಲೀಸರು ಕೇಳಿದಾಗ ಅಶ್ವಥ್, "ಹಗ್ಗ ಬಿಚ್ಚೋಗಿತ್ತು ಸಾರ್" ಎಂದನಂತೆ. ಹಗ್ಗ ಕಟ್ಟಿದವರು ಯಾರು? ರಾಮಾಂಜಿನಯ್ಯ. ವಾರ ಕಳೆಯುವುದರೊಳಗೆ, ಕರ್ತವ್ಯದಲ್ಲಿ ಬೇಜವಾಬ್ದಾರಿ ತೋರಿದ ನಿಮ್ಮನ್ನು ಸೇವೆಯಿಂದ ಯಾಕೆ ತೆಗೆಯಬಾರದು ಎಂದು ಅವರಿಗೆ ನೋಟಿಸು ಬಂತು.

ಅವರು ರಾಗಿ ಡಬ್ಬ ಹಿಡಿದುಕೊಂಡು ಗಿರಣಿಗೆ ಬಂದು, ಸಾಲಿನಲ್ಲಿ ಡಬ್ಬವಿಟ್ಟು, ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಾ ನಿಂತರು. "ಬಿಗಿಯಾಗೇ ಕಟ್ಟಿದ್ದೆ ಕಣಮ್ಮ ಶಶಿ. ಕಟ್ಟಿದ್ದೆ ಅಂತ್ಲೇ ನೆನಪು. ವಯಸ್ಸಾಯ್ತು, ಕೈ ನಂಬಂಗಿಲ್ವೇನೋ" ಎಂದರು. ಜೀವಮಾನವೆಲ್ಲ ದುಡಿದ ಮನುಷ್ಯ ತಮ್ಮ ಕೈಯ ಮೇಲೇ ಅನುಮಾನ ಪಡುತ್ತಿದ್ದರು. ಅವರ ಸರದಿ ಬಂದಾಗ ಶಶಿಕಲಾ ರಾಗಿ ಬೀಸಿಕೊಟ್ಟಳು.

ಆ ಭಾನುವಾರ ಹೊಂಬಾಳಮ್ಮನನ್ನು ನೋಡಿಕೊಂಡು ಬರಲು ಕುಣಿಗಲ್‌ಗೆ ಹೋದೆವು. ಅವರು ಕಂಬಳಿ ಹೊದ್ದು ಮಂಚದ ಮೇಲೆ ಕೂತಿದ್ದರು. ಮೈಯಲ್ಲಿ ಜ್ವರವಿದ್ದರೂ ಬಾಯಲ್ಲಿ ಜ್ವರವಿರಲಿಲ್ಲ. ಮಗನ ಗುಣಗಾನ ಶುರುವಾಯಿತು.

"ರಾಹುಕಾಲ ಬರದ್ರೊಳಗೆ ತಟ್ಟೆ ಬದ್ಲಾಯಿಸ್ಬೇಕು, ಇವ್ನು ಹಗ್ಗ ಹಿಡ್ಕಂಡ್ ನಿಂತವ್ನೆ. ನಿನ್ ತಂಗಿ ನಿಶ್ಚಿತಾರ್ಥ ಕಣೋ ಮಗ, ಬುಡೋ ಅಂದೆ. ಬೇರೆ ಯಾರಾಗಿದ್ರೂ ಬುಡ್ತಿರ್ಲಿಲ್ಲ. ನನ್ ಮುಖ ನೋಡ್ದ, ಹಗ್ಗ ಎತ್ಬುಟ್ಟ. ಹೆತ್ತೋಳ್ ಮಾತು ಅಂದ್ರೆ ಅಷ್ಟು ಅವ್ನಿಗೆ!"

ಆ ತಾಯಿಯ ಮುಖದಲ್ಲಿದ್ದದ್ದು ಬರೀ ಹೆಮ್ಮೆ. ತಾನು ಏನು ಹೇಳಿಬಿಟ್ಟೆ ಎಂಬ ಗುಮಾನಿಯೂ ಇರಲಿಲ್ಲ. ಶಶಿಕಲಾಳ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಉಳಿಯಿತು. ವಾಪಸ್ ಬರುವಾಗ ತುಮಕೂರು ದಾಟುವವರೆಗೂ ಅವಳು ಕಿಟಕಿಯಾಚೆ ತುಂಬಿದ ಕೆರೆಗಳನ್ನೇ ನೋಡುತ್ತಾ ಕೂತಿದ್ದಳು. ಅವಳು ಮಾತಾಡದಿದ್ದರೆ ನನಗೆ ಗೇರು ಹಾಕುವುದೂ ಮರೆತುಹೋಗುತ್ತದೆ.

ಮನೆಗೆ ಬಂದವಳೇ ಅಶ್ವಥ್‌ನನ್ನು ಕರೆದಳು. "ಹಗ್ಗ ಬಿಚ್ಚೋಗಿತ್ತಾ, ನೀನ್ ಎತ್ತಿದ್ಯಾ?"

ಅವನು ಗೋಡೆಗೆ ಒರಗಿ ಕೂತ. "ಅಮ್ಮ ಕೂಗಿದ್ಲು ಅಕ್ಕ. ನೀರು ಅಷ್ಟಿರ್ಲಿಲ್ಲ ಅನ್ನಿಸ್ತು."

"ಬರೋ ಭಾನುವಾರ ಪರೇಡ್ ಐತೆ. ಅಲ್ಲಿ ನೀನೇ ಹೇಳು. ಅಲ್ಲೀಗಂಟ ನಾನ್ ಬಾಯ್ ಬಿಡಲ್ಲ."

ಆ ಭಾನುವಾರ ಊರಿನ ಯುವಕ ಸಂಘದವರು ಪರೇಡಿಗೇ ಬಂದು ಅಶ್ವಥ್‌ಗೆ ಶಾಲು ಹೊದಿಸಿದರು. ಮೈಸೂರು ಪೇಟ ಇಟ್ಟರು. ಮೈಕು ಅವನ ಕೈಗೂ ಬಂತು. "ಎಲ್ಲರಿಗೂ ಧನ್ಯವಾದ" ಎಂದಷ್ಟೇ ಹೇಳಿ ಕೊಟ್ಟುಬಿಟ್ಟ. ರಾಮಾಂಜಿನಯ್ಯ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಶಶಿಕಲಾ ತಟ್ಟಲಿಲ್ಲ.

ಇನ್ನು ತಾನೇ ಹೋಗಿ ಹೇಳಿಬಿಡುತ್ತೇನೆ ಎಂದಳು, ಅದಕ್ಕೆ ಮನೆಯಲ್ಲಿ ನನಗೂ ಅವಳಿಗೂ ದೊಡ್ಡ ಜಗಳವೇ ಆಯಿತು. "ನೀರಿಗಿಳಿದು ಅಷ್ಟು ಜನಾನ ಎಳ್ಕಂಡ್ ಬಂದ್ನಲ್ಲ, ಅದು ಲೆಕ್ಕಕ್ಕಿಲ್ವೇನೇ? ಒಡಹುಟ್ಟಿದೋನ್ ಥರ ಬೆಳೆದೋನು. ನಿನ್ ಕೈಯಾರೆ ಅವ್ನ್ ಮಾನ ಕಳೀತೀಯಾ?" ಎಂದು ಕಿರುಚಾಡಿದೆ.

"ಲೆಕ್ಕಕ್ಕೈತೆ ರೀ. ಅದನ್ನೂ ಹೇಳ್ತೀನಿ. ಎರಡೂ ಹೇಳ್ತೀನಿ" ಎಂದಳು. "ಬೆಲ್ಟ್ ಕಟ್ಟಿದೋಳು ನಾನು. ಅವ್ನು ಮಾಡಿದ್ದನ್ನ ರಾಮಾಂಜಿನಣ್ಣನ ತಲೆಗೆ ಕಟ್ಟಿ ನಾನು ಹೆಂಗ್ರೀ ಆ ಮನುಷ್ಯನ ರಾಗಿ ಬೀಸ್ಲಿ?"

ಹೌದಲ್ಲ ಎಂದು ನನಗೂ ಅನ್ನಿಸಿತು. ಆದರೂ ಕೋಪ ಇಳಿಯಲಿಲ್ಲ. ಬೈದುಕೊಂಡೇ ಟೆಂಪೊ ತೆಗೆದು ಅವಳನ್ನು ತುಮಕೂರಿನ ಹೋಂ ಗಾರ್ಡ್ ಕಚೇರಿಗೆ ಕರೆದುಕೊಂಡು ಹೋದೆ. ಅವಳು ಹೇಳಿದಳು. ಅಶ್ವಥ್‌ನನ್ನೂ ವಿಚಾರಣೆಗೆ ಕರೆಸಿದರು.

ವಿಚಾರಣೆಯ ದಿನ ನಾನು ಕಮಾಂಡೆಂಟ್ ಸಾಹೇಬರ ರೂಮಿನ ಹೊರಗೆ ಬೆಂಚಿನ ಮೇಲಿದ್ದೆ. ಬಾಗಿಲು ತೆರೆದೇ ಇತ್ತು. ಹಗ್ಗ ಬಿಚ್ಚಿಹೋಗಿತ್ತೆಂದೇ ಗಟ್ಟಿಯಾಗಿ ಹೇಳು ಎಂದು ಅಶ್ವಥ್‌ಗೆ ಕುಣಿಗಲ್‌ನಲ್ಲಿ ಬೇಕಾದಷ್ಟು ಜನ ಹೇಳಿಕೊಟ್ಟು ಕಳಿಸಿದ್ದರು. ಸಾಹೇಬರು ಕೇಳಿದಾಗ ಅವನು ಅಕ್ಕನ ಕಡೆ ನೋಡಿದ. ಅವಳು ಇವನ ಕಡೆ ನೋಡಲೂ ಇಲ್ಲ. ನೆಟ್ಟಗೆ ಗೋಡೆ ನೋಡುತ್ತಿದ್ದಳು.

"ನಾನೇ ಎತ್ತಿದ್ದು ಸಾರ್" ಎಂದ. "ರಾಮಾಂಜಿನಯ್ಯನವರ ಗಂಟು ಹಂಗೇ ಇತ್ತು. ಬಿಚ್ಚಕ್ಕೆ ನನ್ಗೇ ಕಷ್ಟ ಆಯ್ತು. ಅದುಕ್ಕೇ ಕೆಳಗಿಂದ ಎತ್ತಿ ಹಿಡ್ದೆ."

ಹೊರಗೆ ನನ್ನ ಪಕ್ಕದಲ್ಲೇ ಕೂತಿದ್ದ ರಾಮಾಂಜಿನಯ್ಯ ಅದನ್ನು ಕೇಳಿ ಕೈಗಳನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡರು. ಮೂಗು ಸೊರಸೊರ ಎನ್ನುತ್ತಿತ್ತು.

ಸಾಹೇಬರು ಶಶಿಕಲಾಳ ಕಡೆ ತಿರುಗಿದರು. "ರಾಮಾಂಜಿನಯ್ಯನವರನ್ನ ಊಟಕ್ಕೆ ಕಳಿಸಿ ಒಬ್ಬನನ್ನೇ ಬಿಟ್ಟಿದ್ದು ನೀವು ಅಂತಾನೂ ಹೇಳಿದ್ದೀರಿ. ಅದನ್ನ ಯಾರೂ ಕೇಳಿರಲಿಲ್ಲವಲ್ಲಮ್ಮ?"

"ಅದೂ ನಡೆದಿದ್ದೇ ಸಾರ್. ಒಬ್ನನ್ನೇ ಬಿಡ್ಬಾರ್ದಿತ್ತು. ಬಿಟ್ಟೆ."

ನಾನು ಬೆಂಚಿನಿಂದ ಎದ್ದೇಬಿಟ್ಟೆ. ನಿನಗ್ಯಾಕೆ ಬೇಕಿತ್ತೇ ಎಂದು ಕೂಗಬೇಕೆನ್ನಿಸಿತು. ಜೊತೆಗೇ, ಇವಳು ನನ್ನ ಹೆಂಡತಿ ಎಂದು ಆ ಕಚೇರಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕು ಎಂದೂ ಅನ್ನಿಸಿತು. ಎರಡೂ ಮಾಡದೆ ಮತ್ತೆ ಕೂತೆ. ಕೋಪ ಇಳಿದದ್ದು ಆವಾಗಲೇ.

ರಾಮಾಂಜಿನಯ್ಯನವರ ನೋಟಿಸು ರದ್ದಾಯಿತು. ಅಶ್ವಥ್‌ನನ್ನು ಸೇವೆಯಿಂದ ತೆಗೆದುಹಾಕಿದರು. ಶಶಿಕಲಾಳನ್ನು ಸೆಕ್ಷನ್ ಲೀಡರ್ ಸ್ಥಾನದಿಂದ ಕೆಲಕಾಲ ಇಳಿಸಿದರು. ಮನೆಗೆ ಬಂದು ಬ್ಲೇಡು ತೆಗೆದುಕೊಂಡು ತೋಳಿನ ಪಟ್ಟಿಯ ಹೊಲಿಗೆಯನ್ನು ಅವಳೇ ಒಂದೊಂದಾಗಿ ಬಿಡಿಸಿದಳು. ಬಟ್ಟೆಗೆ ಒಂದು ತೂತೂ ಬೀಳಲಿಲ್ಲ.

ತೆಗೆದುಹಾಕಿದವರು ಸಾಮಾನ್ಯವಾಗಿ ಸಮವಸ್ತ್ರವನ್ನು ಚೀಲದಲ್ಲಿ ತುಂಬಿ ಕಚೇರಿಗೆ ಒಪ್ಪಿಸಿ ಹೋಗುತ್ತಾರೆ. ಅಶ್ವಥ್ ಹಾಗೆ ಹೋಗಬಾರದು ಎಂದಳು ಇವಳು. "ಕದ್ದುಮುಚ್ಚಿ ಕಳಿಸಿದ್ರೆ ಜನ ಕಳ್ಳ ಅಂತಾರೆ. ಎಲ್ರ ಮುಂದೆ ಕಟ್ಟಿದ್ದೀನಿ, ಎಲ್ರ ಮುಂದೆ ಬಿಚ್ತೀನಿ. ಒಪ್ಕಂಡ್ ಹೋದ ಅನ್ಲಿ" ಎಂದು ಘಟಕಾಧಿಕಾರಿಗಳನ್ನು ಕೇಳಿ ಒಪ್ಪಿಸಿದಳು. ಅಶ್ವಥ್‌ನನ್ನೂ ಕೇಳಿದಳು. ಅವನು ಹೂಂ ಎಂದ.

ಪರೇಡಿನ ದಿನ ಅವನು ಇಸ್ತ್ರಿ ಮಾಡಿದ ಖಾಕಿ ತೊಟ್ಟು ಬಂದ. ಶಶಿಕಲಾ ಪಟ್ಟಿಯಿಲ್ಲದ ತೋಳಿನಲ್ಲಿ ಮುಂದೆ ಬಂದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಇವ್ನು ಜೀವದ ಆಸೆ ಬಿಟ್ಟು ನೀರಿಗಿಳಿದು ಜನಾನ ಉಳ್ಸಿದ. ಅವ್ರನ್ನ ನೀರಿಗೆ ಬಿಟ್ಟೋನೂ ಇವ್ನೇ. ಕೇಳ್ದಾಗ ಸುಳ್ ಹೇಳ್ದ. ಕೊನೇಗ್ ನಿಜ ಹೇಳ್ದ. ಇವ್ನ ಬೆಲ್ಟ್ ಕಟ್ಟಿದೋಳು ನಾನು."

ಬಗ್ಗಿ ಬಕಲಿಗೆ ಕೈ ಹಾಕಿದಳು. ಬಕಲು ಸಿಕ್ಕಿಕೊಂಡಿತು, ಮಣಭಾರದ ಮೂಟೆ ಎತ್ತುವ ಅವಳ ಕೈಗೂ ಬರಲಿಲ್ಲ. ಆಗ ಅಶ್ವಥ್ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಂಡ. ಬೆಲ್ಟ್ ಸಡಿಲವಾಗಿ ಬಿಚ್ಚಿಕೊಂಡಿತು. ರಾಮಾಂಜಿನಯ್ಯ ಮುಖ ತಿರುಗಿಸಿ ನಿಂತಿದ್ದರು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಅಶ್ವಥ್ ರೂಮು ಖಾಲಿ ಮಾಡಿ ಕುಣಿಗಲ್‌ಗೆ ಹೋದ. ಹೊಂಬಾಳಮ್ಮ ಫೋನಿನಲ್ಲಿ ಶಶಿಕಲಾಳಿಗೆ ಹಿಡಿ ಶಾಪ ಹಾಕಿ, ಆಮೇಲೆ ಫೋನನ್ನೂ ಬಿಟ್ಟರು. ಪೂಜಾಳ ಮದುವೆಗೆ ನಮಗೆ ಕರೆಯಿರಲಿಲ್ಲ. ಗಿರಣಿಯಲ್ಲೂ ಕೆಲವರು ಡಬ್ಬ ಇಡುವುದನ್ನು ಬಿಟ್ಟು ಬೇರೆ ಕಡೆ ಹೋದರು. ತಮ್ಮನ ಬೆಲ್ಟ್ ಬಿಚ್ಚಿದವಳು ಎಂದು ಬೆನ್ನ ಹಿಂದೆ ಆಡಿಕೊಂಡರು. ಶಶಿಕಲಾ ಹಿಂದಿನ ರೂಮನ್ನು ಬಾಡಿಗೆಗೆ ಕೇಳಿದವರಿಗೆಲ್ಲ, "ನಮ್ಮೋನಿದಾನೆ" ಎಂದು ಹೇಳಿ ಕಳಿಸುತ್ತಿದ್ದಳು. ಒಬ್ಬಳೇ ಇದ್ದಾಗ ಅತ್ತದ್ದೂ ಉಂಟು. ಗಿರಣಿ ಸದ್ದಿನಲ್ಲಿ ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಳು.

ರಾಮಾಂಜಿನಯ್ಯನವರು ಪಾಲಿಶ್ ಮಾಡಿಟ್ಟ ಬೂಟು ಹಾಕಿಕೊಂಡೇ ನಿವೃತ್ತರಾದರು. ಹಾರ ಹಾಕಿಸಿಕೊಂಡು, ಸೆಲ್ಯೂಟ್ ತೆಗೆದುಕೊಂಡು, ನೆಟ್ಟಗೆ ಗಿರಣಿಗೆ ಬಂದು ಆ ಹಾರವನ್ನು ಮೋಟರಿನ ಮೇಲಿನ ದೇವರ ಪಟಕ್ಕೆ ಹಾಕಿ ಹೋದರು. ಅದಾದ ಸ್ವಲ್ಪ ದಿನಕ್ಕೆ ಇವಳ ಪಟ್ಟಿಯೂ ವಾಪಸ್ ಬಂತು.

ಒಂದು ಬೆಳಿಗ್ಗೆ ನೋಡಿದರೆ ಅಶ್ವಥ್ ಟೆಂಪೊ ಪಕ್ಕ ನಿಂತಿದ್ದ. ನನಗೆ ಮಂಡಿ ನೋವು ಬಂದು ಕ್ಲಚ್ ತುಳಿಯುವುದು ಕಷ್ಟವಾಗಿದ್ದು ಅವನಿಗೆ ಹೇಗೋ ಗೊತ್ತಾಗಿತ್ತು. "ಭಾವ, ಗಾಡಿ ನಾನ್ ಓಡಿಸ್ಲಾ?" ಎಂದ. ಒಳಗಿಂದ ಶಶಿಕಲಾ, "ಮೊದ್ಲು ತಿಂಡಿ ತಿನ್ನಕ್ಕೇಳಿ" ಎಂದಳು. ಅಕ್ಕ ತಮ್ಮನ ನಡುವೆ ಆದ ಮಾತು ಅಷ್ಟೇ. ಅವನು ತಿಂಡಿ ತಿಂದು, ಹಿಂದಿನ ರೂಮಿನ ಬೀಗದ ಕೈಯನ್ನು ಮೊಳೆಯಿಂದ ತಾನೇ ತೆಗೆದುಕೊಂಡ.

ಈ ಸಲದ ಮಳೆಯಲ್ಲಿ ಮತ್ತೆ ಕೆರೆ ಕೋಡಿ ಬಿತ್ತು. ಪೂಜಾಳಿಗೆ ಸೀಮಂತ. ಹಾಗಲವಾಡಿಗೆ ನಮ್ಮ ಟೆಂಪೊದಲ್ಲೇ ಪಾತ್ರೆ, ಸಾಮಾನು ಹೇರಿಕೊಂಡು ಹೊರಟೆವು. ಅಶ್ವಥ್ ಓಡಿಸುತ್ತಿದ್ದ. ನಡುವೆ ಹೊಂಬಾಳಮ್ಮ, ಮಡಿಲಲ್ಲಿ ಹಸಿರು ಬಳೆಯ ಬುಟ್ಟಿ. ಕಿಟಕಿ ಪಕ್ಕ ನಾನು. ಮಗನ ಗಾಡಿ ಎಂದು ಹತ್ತಿದ್ದರೇ ಹೊರತು ಅವರು ಶಶಿಕಲಾಳ ಜೊತೆ ಇನ್ನೂ ಮಾತು ಬಿಟ್ಟೇ ಇದ್ದರು.

ಒಳದಾರಿಯಲ್ಲಿ ಅದೇ ಸೇತುವೆ. ಅದೇ ಹಗ್ಗ. ಹಗ್ಗದ ಹಿಂದೆ ರೇನ್‌ಕೋಟ್ ಹಾಕಿಕೊಂಡು ಶಶಿಕಲಾ. ಪಕ್ಕದಲ್ಲಿ ಇನ್ನೊಬ್ಬ ಗಾರ್ಡು. ಅವಳು ಈಗ ಒಬ್ಬರನ್ನೇ ಎಂದೂ ಬಿಡುವುದಿಲ್ಲ. ನೀರು ಸೇತುವೆಯ ಮೇಲೆ ತೆಳ್ಳಗೆ ಹರಿಯುತ್ತಿತ್ತು. ನಿಜ ಹೇಳುತ್ತೇನೆ, ದಾಟಬಹುದು ಎಂದೇ ನನಗೂ ಅನ್ನಿಸಿತು. ಸುತ್ತಿಕೊಂಡು ಹೋದರೆ ಹೊತ್ತಾಗುತ್ತದೆ, ಆಮೇಲೆ ರಾಹುಕಾಲ.

ಹೊಂಬಾಳಮ್ಮ ಮಗನ ತೋಳು ತಿವಿದರು. "ಕೂಗೋ ನಿನ್ನಕ್ಕನ್ನ. ಪಾದ ಮುಳುಗೋ ಅಷ್ಟೂ ನೀರಿಲ್ಲ."

"ಕೇಳಪ್ಪ, ನೋಡೋಣ" ಎಂದು ನಾನೂ ಬಾಯಿ ಹಾಕಿದೆ.

ಅಶ್ವಥ್ ಕೇಳಲಿಲ್ಲ. ಕಿಟಕಿಯ ಗಾಜನ್ನೂ ಇಳಿಸಲಿಲ್ಲ. ಒಂದು ಸಲ ನೀರನ್ನು ನೋಡಿದ. ಒಂದು ಸಲ ಹಗ್ಗದ ಗಂಟನ್ನು ನೋಡಿದ. ರಿವರ್ಸ್ ಗೇರ್ ಹಾಕಿದ. "ಸುತ್ಕಂಡ್ ಹೋಗಣ ಅಮ್ಮ" ಎಂದ. ಹೊಂಬಾಳಮ್ಮ ಏನೋ ಹೇಳಲು ಬಾಯಿ ತೆರೆದವರು, ಮಗನ ಮುಖ ನೋಡಿ ಬಳೆಯ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು, "ಹಂಗೇ ಹೋಗು, ಮೆಲ್ಲಗೆ" ಎಂದರು.

ಗಾಡಿ ತಿರುಗುವಾಗ ಹಗ್ಗದ ಹಿಂದೆ ಶಶಿಕಲಾ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತಳು. ಕೈ ಎತ್ತಿ ಸೆಲ್ಯೂಟ್ ಹೊಡೆದಳು. ದಿನವೂ ಸೆಲ್ಯೂಟ್ ಹೊಡೆಸಿಕೊಳ್ಳುವವಳು ಇವತ್ತು ನನಗೆ ಬಾಕಿ ತೀರಿಸುತ್ತಿದ್ದಾಳೆ ಎಂದುಕೊಂಡು ನಾನು ಹಲ್ಲುಬಿಟ್ಟೆ. ಆಮೇಲೆ ನೋಡಿದರೆ ಅವಳ ಕಣ್ಣು ಡ್ರೈವರ್ ಸೀಟಿನ ಮೇಲಿತ್ತು.

ಅಶ್ವಥ್ ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದಿದ್ದ. ಖಾಕಿಯಿಲ್ಲದವನು ಸೆಲ್ಯೂಟ್ ಹಿಂದಿರುಗಿಸುವಂತಿಲ್ಲ ಎಂಬುದು ಅವನಿಗೆ ಗೊತ್ತು. ಕಣ್ಣು ಒರೆಸಿಕೊಳ್ಳುವುದಕ್ಕೂ ಅವನು ಕೈ ತೆಗೆಯಲಿಲ್ಲ. ಅವನ ಪರವಾಗಿ ನಾನೇ ಕಿಟಕಿಯಿಂದ ಕೈ ಹೊರಗೆ ಹಾಕಿ ಹೊಡೆದೆ.